ಏಣಿಯ ಷರತ್ತು

ಊರಿನವರೆಲ್ಲ ಅವನನ್ನು ದಪ್ಪಕ್ಷರ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ, ದಪ್ಪನೆಯ ಆಸಾಮಿಯೊಬ್ಬನನ್ನು ಹುಡುಕುತ್ತ ಬಂದವರು ಅವನ ಎದುರೇ ನಿಂತು, "ದಪ್ಪಕ್ಷರ ಎಲ್ಲಿ ಸಿಗ್ತಾರೆ?" ಎಂದು ಅವನನ್ನೇ ಕೇಳಿದ್ದುಂಟು. ಆಳು ಕುಂಚದ ಹಿಡಿಯಷ್ಟು ಸಣ್ಣ. ಗಾಳಿ ಜೋರಾದಾಗ ಅವನ ಹೆಂಡತಿ ಕಿಟಕಿ ಮುಚ್ಚುವುದು ದೂಳಿಗಲ್ಲ, ಗಂಡ ಹಾರಿ ಹೋದಾನೆಂಬ ಭಯಕ್ಕೆ ಎಂದು ನೆರೆಮನೆಯವರು ನಗುತ್ತಿದ್ದರು. ದಪ್ಪ ಇದ್ದದ್ದು ಅವನು ಬೋರ್ಡಿನ ಮೇಲೆ ಬರೆಯುವ ಅಕ್ಷರ ಮಾತ್ರ. ತುಂಬಿದ ಹೊಟ್ಟೆ, ನೇರವಾದ ತಲೆಕಟ್ಟು, ಬಲಗಡೆಗೆ ಒಂದು ಬೆರಳಗಲ ನೆರಳು. ಬೀದಿಯ ಆ ತುದಿಯಿಂದ ಕನ್ನಡಕವಿಲ್ಲದ ಅಜ್ಜಿಯೂ ಓದಬಹುದಿತ್ತು.

ಇಷ್ಟು ಚೆನ್ನಾಗಿ ಬರೆಯುವವನಿಗೆ ಒಂದೇ ಒಂದು ಊನ. ಬರೆದದ್ದನ್ನು ಅವನು ಓದುತ್ತಿರಲಿಲ್ಲ. ಓದಲು ಬಾರದೆ ಅಲ್ಲ. ಕಾಗದ ಕೈಗೆ ಬಂದರೆ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಅಕ್ಷರದ ಮೈಕಟ್ಟಿಗೆ. ಯಾವ ಕೊಂಬು ಗಿಡ್ಡ, ಯಾವ ಒತ್ತು ಕೆಳಗೆ ಜೋತಿದೆ, ಎರಡರ ನಡುವೆ ಉಸಿರಾಡಲು ಜಾಗ ಇದೆಯೋ ಇಲ್ಲವೋ. ಅರ್ಥದ ಪಾಳಿ ಬರುವ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಒಮ್ಮೆ ಪಾತ್ರೆ ಅಂಗಡಿಯವರು ತಮ್ಮ ಬೋರ್ಡಿಗೆಂದು ಚೀಟಿ ಬರೆದು ಕಳಿಸಿ, ಕೆಳಗೆ "ಸಂಜೆಯೊಳಗೆ ಬೇಕು" ಎಂದು ಸೇರಿಸಿದ್ದರು. ಇವನು ಸಂಜೆಯೊಳಗೇ ಕೊಟ್ಟ. ಬೋರ್ಡಿನ ಮೇಲೆ ಅಂಗಡಿಯ ಹೆಸರು, ಅದರ ಕೆಳಗೆ ಕೆಂಪು ನೆರಳಿನ ಸಮೇತ "ಸಂಜೆಯೊಳಗೆ ಬೇಕು". ಅಂಗಡಿಯವರು ಮೊದಲು ಕೂಗಾಡಿದರು. ಆಮೇಲೆ ಜನ ಅದನ್ನು ನೋಡಲೆಂದೇ ಬರತೊಡಗಿದಾಗ ಬಾಯಿ ಮುಚ್ಚಿಕೊಂಡರು. ಇವತ್ತಿಗೂ ಆ ಅಂಗಡಿಗೆ ಅದೇ ಹೆಸರು.

ಊನ ಒಂದೇ ಎಂದೆನೇ? ಎರಡು. ಅವನು ಹಳೆಯ ಬಣ್ಣ ಕೆರೆಯುತ್ತಿರಲಿಲ್ಲ. ಹಳೆ ಬೋರ್ಡು ಬಂದರೆ ಅದರ ಮೇಲೆಯೇ ಒಂದು ಕೋಟು ಬಳಿದು ಹೊಸ ಹೆಸರು ಬರೆದುಬಿಡುತ್ತಿದ್ದ. "ಕೆರೆಯೋದು ಕ್ಷೌರದವರ ಕೆಲಸ, ಬರೆಯೋದು ನಮ್ಮ ಕೆಲಸ" ಎನ್ನುತ್ತಿದ್ದ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹೊಸ ಹೆಸರಿನ ಸಂದಿಯಿಂದ ಹಳೆಯ ಹೆಸರು ಮೆಲ್ಲಗೆ ಇಣುಕುತ್ತಿತ್ತು. ಇದರ ಮುಖ್ಯ ಬಲಿಪಶು ಮೂಲೆ ಮಹಡಿಯ ವಕೀಲರು. ಅವರ ಕೋಣೆಯಲ್ಲಿ ಮೊದಲು ಹಲ್ಲಿನ ಡಾಕ್ಟರೊಬ್ಬರು ಇದ್ದರು. "ವಕೀಲರು" ಎಂಬುದರ ಹಿಂದಿನಿಂದ ದಂತವೈದ್ಯರು ದಿನೇ ದಿನೇ ಸ್ಪಷ್ಟವಾಗಿ ಮೂಡಿ ಬಂದು, ಕೆನ್ನೆ ಊದಿಸಿಕೊಂಡವರು ವಾರಕ್ಕೊಬ್ಬರಾದರೂ ಮೆಟ್ಟಿಲು ಹತ್ತುತ್ತಿದ್ದರು.

ಇನ್ನು ಇವನ ಅಕ್ಕ. ಅವಳಿಗೆ ಊರಿನಲ್ಲಿ ಅಂಗಡಿ ಅಕ್ಕ ಎಂದು ಹೆಸರು. ಮೊಳೆ, ಹಗ್ಗ, ಬೀಗ, ಬಣ್ಣದ ಡಬ್ಬಿಗಳ ಅಂಗಡಿ ಅವಳದು. ಕನ್ನಡಕಕ್ಕೆ ದಾರ, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲ್. ತಮ್ಮ ಎಷ್ಟು ಉಡಾಫೆಯೋ ಅಕ್ಕ ಅಷ್ಟೇ ಕಟ್ಟುನಿಟ್ಟು. ಒಂದೇ ಬಳ್ಳಿಯಲ್ಲಿ ಇಂಥ ಎರಡು ಕಾಯಿ ಹೇಗೆ ಬಿಟ್ಟವೋ ದೇವರೇ ಬಲ್ಲ. ತಮ್ಮನಿಗೆ ಒಂದು ಕುಂಚ ಎರವಲು ಕೊಟ್ಟರೂ ಅವಳು ಚೀಟಿ ಬರೆಸಿಕೊಳ್ಳುತ್ತಿದ್ದಳು. "ಲೆಕ್ಕ ಚೊಕ್ಕ ಇದ್ರೆ ಸಂಬಂಧ ಗಟ್ಟಿ" ಎನ್ನುವುದು ಅವಳ ಮಾತು. ಹೊಸ ಬಿಲ್ಲು ಬರೆದ ಕೂಡಲೇ ಹಳೆಯ ಬಿಲ್ಲಿನ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಪೆನ್ಸಿಲಿನಿಂದ ಸರ್ರನೆ ಒಂದು ಗೀಟು ಎಳೆಯುವುದು ಅವಳ ಅಭ್ಯಾಸ. ಏಕೆಂದು ಕೇಳಿದವರಿಗೆ, "ಹಳೇದು ಸತ್ತಿದೆ ಅಂತ ಅದಕ್ಕೂ ಗೊತ್ತಾಗ್ಬೇಕು" ಎನ್ನುತ್ತಿದ್ದಳು.

ಅವಳು ಹೀಗೆ ಗಟ್ಟಿಯಾದದ್ದು ಸುಮ್ಮನೆ ಅಲ್ಲ. ಅವರ ಅಪ್ಪನೂ ಬೋರ್ಡು ಬರೆಯುವವನೇ. ಊರಿನ ನೀರಿನ ಟ್ಯಾಂಕು ಕಟ್ಟಿ ಮುಗಿಸಿದಾಗ ಅದರ ಹೊಟ್ಟೆಯ ಮೇಲೆ "ನೀರನ್ನು ಹಾಳು ಮಾಡಬೇಡಿ" ಎಂದು ಬರೆಯಲು ಅವನನ್ನು ಹತ್ತಿಸಿದ್ದರು. ಕೊನೆಯ ಅಕ್ಷರ ಒಂದು ಬಾಕಿ ಇರುವಾಗ ನಿಂತಿದ್ದ ಹಲಗೆ ಜಾರಿತು. ಅಪ್ಪ ಸಾಯಲಿಲ್ಲ. ಸೊಂಟ ಮುರಿದುಕೊಂಡು ಎರಡು ವರ್ಷ ಮಂಚ ಹಿಡಿದ. ಅವನನ್ನು ಮಗ್ಗುಲು ತಿರುಗಿಸಿದವಳು, ಒರೆಸಿದವಳು, ತುತ್ತು ಕಲಸಿ ತಿನ್ನಿಸಿದವಳು ಆಗಷ್ಟೇ ಶಾಲೆ ಮುಗಿಸಿದ್ದ ಮಗಳು. ತಮ್ಮ ಆಗ ಮಂಚದ ಕಾಲಿಗೆ ಬಣ್ಣ ಬಳಿಯುವಷ್ಟು ಚಿಕ್ಕವನು. ಅಪ್ಪ ಹೋದ ಮೇಲೆ ಅಂಗಡಿ ಇಟ್ಟಳು, ತಮ್ಮನನ್ನು ಬೆಳೆಸಿದಳು, ಮದುವೆ ಮಾಡಿಸಿದಳು. ತನ್ನ ಮದುವೆಯ ಮಾತು ಯಾರಾದರೂ ಎತ್ತಿದರೆ, "ಒಬ್ಬನ್ನ ಸಾಕೋದ್ರಲ್ಲೇ ಸಾಕಾಗಿದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕೊನೆಯ ಅಕ್ಷರವಿಲ್ಲದ ಆ ವಾಕ್ಯ ಊರಿನ ನೆತ್ತಿಯ ಮೇಲೆ ಬಹಳ ಕಾಲ ಹಾಗೆಯೇ ಇತ್ತು. ಕಡೆಗೆ ನೀರಿನ ಕಚೇರಿಯವರು ಹೊರಗಿನಿಂದ ಯಾರನ್ನೋ ಕರೆಸಿ, ಮೇಲೆ ಸುಣ್ಣ ಬಳಿಸಿ, ಅದೇ ವಾಕ್ಯವನ್ನು ಹೊಸದಾಗಿ ಬರೆಸಿದರು.

ತಮ್ಮ ದೊಡ್ಡವನಾಗಿ, ಸ್ವಂತ ಶೆಡ್ಡು ಹಿಡಿಯಬೇಕು, ಏಣಿ ಹಲಗೆ ಕೊಳ್ಳಬೇಕು ಎಂದಾಗ ಅಕ್ಕ ಸಾಲ ಕೊಟ್ಟಳು. ಕೊಡುವ ಮುಂಚೆ ಕರಾರು ಬರೆದಳು. ದಪ್ಪಕ್ಷರ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅಕ್ಕನಿಗೆ ಸಂತೋಷವಾಯಿತು, ಪರವಾಗಿಲ್ಲ ಹುಡುಗ ಓದುತ್ತಿದ್ದಾನೆ ಎಂದು.

"ಅಕ್ಕಾ, ನಿನ್ನ ಳಕಾರಕ್ಕೆ ಬೆನ್ನುಮೂಳೆನೇ ಇಲ್ವಲ್ಲೇ" ಎಂದ. ಆಮೇಲೆ ನೆರಳು ಕೊಟ್ಟು ಸಹಿ ಹಾಕಿದ.

ವಾರ ಕಳೆಯುವಷ್ಟರಲ್ಲಿ ಸಿನಿಮಾ ಟಾಕೀಸಿನ ನೆತ್ತಿಯ ಬೋರ್ಡು ತನಗೇ ಸಿಕ್ಕಿತು ಎಂದು ಕುಣಿದುಕೊಂಡು ಬಂದವನ ಮುಂದೆ ಅಕ್ಕ ಆ ಕಾಗದ ಬಿಡಿಸಿ ಓದಿದಳು. "ಈ ಸಾಲ ತೀರುವ ತನಕ ಸಾಲಗಾರನು ಒಂದು ಆಳಿನ ಎತ್ತರಕ್ಕಿಂತ ಮೇಲೆ ಏಣಿ ಹತ್ತತಕ್ಕದ್ದಲ್ಲ."

"ಇದು ಯಾವಾಗ ಬರೆದೆ?"

"ನೀನು ಳಕಾರ ನೋಡ್ತಿದ್ಯಲ್ಲ, ಅದಕ್ಕೂ ಮುಂಚೆ."

"ಏಣಿ ತಗೊಳ್ಳೋಕೆ ಸಾಲ ಕೊಟ್ಟು ಏಣಿ ಹತ್ಬೇಡ ಅಂದ್ರೆ ಹೇಗೆ?"

"ಒರಗಿಸಿ ಇಡು. ಚೆಂದ ಕಾಣುತ್ತೆ."

ಹೀಗೆ ಅವನು ಊರಿನ ಅತಿ ಒಳ್ಳೆಯ, ಅತಿ ಗಿಡ್ಡ ಪೇಂಟರ್ ಆದ. ಅಂಗಡಿ ಬೋರ್ಡು, ಬಾಗಿಲ ಫಲಕ, ಗಾಡಿಯ ಹಿಂಬದಿ, ಇಷ್ಟೇ. ಎತ್ತರದ ಕೆಲಸ ಬಂದರೆ ಬೇರೆಯವರ ಪಾಲು. ಗೊಣಗುತ್ತಿದ್ದ, ಮುಖ ಊದಿಸಿಕೊಳ್ಳುತ್ತಿದ್ದ, ಆದರೆ ಒಂದು ದಿನವೂ ಷರತ್ತು ಮುರಿಯಲಿಲ್ಲ. ಇದನ್ನು ಅವನ ಪರವಾಗಿ ಹೇಳಲೇಬೇಕು. ಅವನ ಶೆಡ್ಡಿನ ಬಾಗಿಲಿಗೆ ನೇರ ಎದುರಾಗಿ ಆ ಟ್ಯಾಂಕು. ಹೊರಗಿನವನ ಅಕ್ಷರಗಳು ಮೆಟ್ಟಿಲು ಹತ್ತುವವರಂತೆ ಒಂದಕ್ಕಿಂತ ಒಂದು ಮೇಲೆ ಹೋಗಿದ್ದವು. ಬೆಳಿಗ್ಗೆ ಬಾಗಿಲು ತೆಗೆದರೆ ಅದೇ, ಸಂಜೆ ಹಾಕಿದರೆ ಅದೇ. ಹಲ್ಲು ನೋವಿನವನು ನಾಲಗೆಯಿಂದ ಅದೇ ಹಲ್ಲನ್ನು ಮುಟ್ಟಿ ಮುಟ್ಟಿ ನೋಡುವಂತೆ ಅವನು ಅದನ್ನು ನೋಡುತ್ತಿದ್ದ. ಅಪ್ಪನ ವಾಕ್ಯವನ್ನು ಇನ್ನೊಬ್ಬ ಹೀಗೆ ಕೆಡಿಸಿಟ್ಟಿದ್ದು ಅವನಿಗೆ ಸಂಕಟವಾಗುತ್ತಿತ್ತು. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ, ಅಕ್ಕನ ಮುಂದಂತೂ ಇಲ್ಲವೇ ಇಲ್ಲ.

ವರ್ಷಗಳು ಉರುಳಿದವು. ಕೈಬರಹದ ಬೋರ್ಡಿನ ಕಾಲ ಇಳಿಯುತ್ತ ಬಂತು. ಎಲ್ಲರಿಗೂ ಮೆಷಿನ್ನಿನಲ್ಲಿ ಅಚ್ಚಾದ ಮಿರಿಮಿರಿ ಬ್ಯಾನರ್ ಬೇಕು. ಹೆಂಡತಿ, "ನೀವು ಬೇಕಾದ್ರೆ ಕುಂಚ ಹಿಡ್ಕೊಂಡು ಕೂತ್ಕೊಳಿ, ಮೆಷಿನ್ನು ನಾನು ನೋಡ್ಕೋತೀನಿ" ಎಂದಳು. ಮೆಷಿನ್ನಿಗೆ ಮತ್ತೆ ಅಕ್ಕನೇ ಸಾಲ ಕೊಟ್ಟಳು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದ ಹೊತ್ತು. ಒಬ್ಬನಿಗೆ ಮೊಳೆ ತೂಗುತ್ತ, ಇನ್ನೊಬ್ಬನಿಗೆ ಬೀಗದ ಕೈ ತೋರಿಸುತ್ತ ಅವಳು ಎರಡನೇ ಕರಾರು ಬರೆದಳು. ಹಿಂದಿನ ಸಾಲದ ಬಾಕಿಯನ್ನೂ ಹೊಸದಕ್ಕೆ ಸೇರಿಸಿ ಒಂದೇ ಮೊತ್ತ ಮಾಡಿದಳು. ತಿಂಗಳಿಗಿಷ್ಟು ಎಂದಳು. ಸಾಲ ತೀರುವ ತನಕ ಮೆಷಿನ್ನು ಅಡಮಾನ ಎಂದಳು. ಇವನು ಎಂದಿನಂತೆ ಅಕ್ಷರಗಳನ್ನು ಹೊಗಳಿ, ತೆಗಳಿ, ನೆರಳಿನ ಸಹಿ ಹಾಕಿದ. ಕಾಗದ ಮನೆಗೆ ಬಂದು ಕಪಾಟು ಸೇರಿತು.

ಈಗ ನಡೆದದ್ದು ಕೇಳಿ. ಟ್ಯಾಂಕಿನ ಸುಣ್ಣ ಉದುರತೊಡಗಿತು, ಅಕ್ಷರ ಮಾಸಿತು, ನೀರಿನ ಕಚೇರಿಯ ಸಾಹೇಬರು ಸೀದಾ ಶೆಡ್ಡಿಗೆ ಬಂದರು. ಅಷ್ಟು ಎತ್ತರಕ್ಕೆ ಬ್ಯಾನರ್ ಕಟ್ಟಿದರೆ ಗಾಳಿಗೆ ನಿಲ್ಲುವುದಿಲ್ಲ, ಕೈಯಲ್ಲೇ ಬರೆಯಬೇಕು, ಕೈಯಲ್ಲಿ ಬರೆಯುವವರು ಈಗ ನೀವೊಬ್ಬರೇ ಉಳಿದಿರುವುದು ಎಂದರು. ದಪ್ಪಕ್ಷರ ಹೂಂ ಎಂದುಬಿಟ್ಟ. ಐವತ್ತು ದಾಟಿದ ಗಂಡಸು, ಸಾಹೇಬರು ಹೋದ ಮೇಲೆ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡ.

ಸುದ್ದಿ ಅಂಗಡಿ ತಲುಪಲು ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಅಕ್ಕ ಮಡಿಸಿಟ್ಟಿದ್ದ ಹಳೆಯ ಕರಾರನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು.

"ಸಾಲ ತೀರಿದೆಯಾ?"

"ತೀರುತ್ತೆ ಬಿಡೇ."

"ತೀರೋ ತನಕ ಹತ್ತಂಗಿಲ್ಲ. ನಿನ್ನ ಸಹಿ ಇದೆ, ಅದಕ್ಕೊಂದು ನೆರಳು ಬೇರೆ ಇದೆ."

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದೆ ಇದ್ದದ್ದು ಅವನ ಹೆಂಡತಿಯಿಂದ. ಬ್ಯಾನರಿನಲ್ಲಿ ತಪ್ಪು ಹುಡುಕಿ ಹುಡುಕಿ ಅವಳ ಕಣ್ಣು ಯಾವ ಕಾಗದವನ್ನೂ ಬಿಡುತ್ತಿರಲಿಲ್ಲ. ಗಂಡ ಎರಡು ದಿನ ಊಟ ಬಿಟ್ಟು ಗೋಡೆ ನೋಡುತ್ತ ಕೂತದ್ದನ್ನು ಕಂಡು, ಕಪಾಟಿನಿಂದ ಎರಡನೇ ಕರಾರು ತೆಗೆದು ಒಂದೊಂದೇ ಸಾಲು ಓದಿದಳು. ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇದ್ರಲ್ಲಿ ಏಣಿ ಇಲ್ಲ" ಎಂದಳು.

ಹೇಳಿದ ಕ್ಷಣವೇ ನಾಲಗೆ ಕಚ್ಚಿಕೊಂಡಳು. ಗಂಡನನ್ನು ಟ್ಯಾಂಕಿನ ಮೇಲೆ ಹತ್ತಿಸುವ ಆಸೆ ಅವಳಿಗೇನೂ ಇರಲಿಲ್ಲ. ಆದರೆ ಬಾಯಿಂದ ಬಿದ್ದ ಮಾತನ್ನು ಮತ್ತೆ ಒಳಗೆ ಹಾಕಿಕೊಳ್ಳುವ ಮೆಷಿನ್ನು ಇನ್ನೂ ಬಂದಿಲ್ಲವಲ್ಲ.

ಅಲ್ಲಿಂದ ಶುರುವಾಯಿತು ಜಟಾಪಟಿ. ಹೊಸ ಕರಾರು ಬಂದ ಮೇಲೆ ಹಳೆಯದು ಸತ್ತಿತು ಎಂದು ತಮ್ಮ. ಹೊಸದು ಬಂದರೂ ಹಳೆಯದರ ಷರತ್ತು ಬದುಕಿದೆ ಎಂದು ಅಕ್ಕ. ನೋಡಿ ಎಂಥ ವಿಚಿತ್ರ. ಜನ್ಮದಲ್ಲಿ ಒಂದು ಹಳೆ ಬೋರ್ಡನ್ನೂ ಕೆರೆಯದವನು ಹಳೆಯದೆಲ್ಲ ಅಳಿಸಿಹೋಯಿತು ಎನ್ನುತ್ತಾನೆ. ಕಂಡ ಕಂಡ ಹಳೆ ಬಿಲ್ಲಿಗೆಲ್ಲ ಗೀಟೆಳೆದವಳು ಹಳೆಯದು ಹಾಗೆಯೇ ಇದೆ ಎನ್ನುತ್ತಾಳೆ. ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ. ಕಡೆಗೆ ಹೆಂಡತಿಯೇ, ಮೂಲೆ ಮಹಡಿಯ ವಕೀಲರು ಏನು ಹೇಳುತ್ತಾರೋ ಅದಕ್ಕೆ ಇಬ್ಬರೂ ತಲೆಬಾಗಬೇಕು ಎಂದು ಒಪ್ಪಿಸಿದಳು.

ವಕೀಲರ ಕೋಣೆಯಲ್ಲಿ ಕಡತಗಳು ಕಿಟಕಿಯ ಅರ್ಧ ಬೆಳಕು ನುಂಗಿದ್ದವು. ಒಂದು ಬೆಂಚು, ಅದರ ಮೇಲೆ ಅಕ್ಕ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ, ನಡುವೆ ಕೋಟೆ ಗೋಡೆಯಂತೆ ಹೆಂಡತಿ. ವಕೀಲರು ಫೀಸು ಬೇಡವೆಂದರು. "ತೀರ್ಪು ಯಾರ ಕಡೆ ಆದ್ರೂ ಸರಿ, ನನ್ನ ಬೋರ್ಡು ಕೆರೆದು ಬರ್ಕೊಡ್ಬೇಕು. ಕೆರೆದು ಅಂದೆ, ಕೇಳಿಸ್ತಾ?" ಎಂದು ದಪ್ಪಕ್ಷರನ ಕಡೆ ನೋಡಿದರು. ಆಮೇಲೆ ಎರಡನೇ ಕರಾರನ್ನು ತೆಗೆದುಕೊಂಡು ಓದಿದರು.

"ಹೊಸ ಕಾಗದದಲ್ಲಿ ಹಳೇದು ರದ್ದು ಅಂತ ಎಲ್ಲೂ ಇಲ್ಲ. ಹಳೇ ಷರತ್ತು ಮುಂದುವರಿಯುತ್ತೆ ಅಂತಾನೂ ಇಲ್ಲ. ಹೀಗೆ ಎರಡೂ ಇಲ್ದೇ ಇರೋದ್ರಿಂದ್ಲೇ ನಮ್ಮ ಹೊಟ್ಟೆ ತುಂಬೋದು" ಎಂದರು. "ಇಂಥ ಕಡೆ ಮಾತು ಬಿಟ್ಟು ನಡತೆ ನೋಡ್ಬೇಕು. ನೀವಿಬ್ರೂ ಹೇಳಿದ ಪ್ರಕಾರ ಏಣಿ ಷರತ್ತಿನಲ್ಲಿ ಏನಿದೆ? 'ಈ ಸಾಲ ತೀರುವ ತನಕ'. ಆ ಹಳೇ ಸಾಲ ಈಗ ಇದೆಯೋ ಇಲ್ವೋ?"

"ಇಲ್ಲ! ಹೊಸದ್ರಲ್ಲಿ ಸೇರ್ಕೊಂಡ್ತು" ಎಂದ ತಮ್ಮ.

"ಸೇರ್ಕೊಂಡ್ರೆ ತೀರಿದ ಹಾಗಾ?" ಅಕ್ಕ ಎದ್ದೇ ನಿಂತಳು. "ಬಿಂದಿಗೆ ನೀರು ಹಂಡೆಗೆ ಸುರಿದ್ರೆ ನೀರು ಖಾಲಿ ಆಯ್ತು ಅಂತೀರಾ? ಒಂದು ಕಾಸೂ ನನ್ನ ಕೈಗೆ ಬಂದಿಲ್ಲ. ಪಾತ್ರೆ ಬೇರೆ, ಸಾಲ ಅದೇ. ಸಾಲ ಇರೋ ತನಕ ಷರತ್ತೂ ಇದೆ."

ವಕೀಲರು ತಲೆದೂಗಿದರು. "ಅದೂ ಸರಿನೇ. ಆದ್ರೆ ಹೊಸ ಕಾಗದಕ್ಕೆ ಹೊಸ ಅಡಮಾನ, ಹೊಸ ಕಂತು ಎಲ್ಲ ಬರೆದಿರಿ. ಏಣಿ ಯಾಕೆ ಬರೀಲಿಲ್ಲ?"

"ಮಗುಗೆ ಹೆಸರಿಟ್ಟ ಮೇಲೆ ದಿನಾ ಇಡ್ತಾರಾ? ಒಂದ್ಸಲ ಬರೆದಾಗಿತ್ತು. ಹೊಸದು ಬರೆದ ಮಾತ್ರಕ್ಕೆ ಹಳೇದು ಹೋಗುತ್ತೆ ಅನ್ನೋದಾದ್ರೆ..."

ಆಗ ಬಾಗಿಲು ತೆರೆಯಿತು. ಕೆನ್ನೆಗೆ ಟವೆಲು ಕಟ್ಟಿಕೊಂಡ ಒಬ್ಬ ಮುಲುಕುತ್ತ ಒಳಗೆ ಬಂದ. "ಡಾಕ್ಟ್ರೇ, ತಡ್ಕೊಳಕ್ಕಾಗ್ತಿಲ್ಲ, ಇದನ್ನ ಕಿತ್ತುಹಾಕಿ" ಎಂದು ಬಾಯಿ ಅಗಲಿಸಿದ.

ಅಕ್ಕ ವಕೀಲರ ಕಡೆ ತಿರುಗಿ, "ನಾನು ಇನ್ನೇನೂ ಹೇಳಲ್ಲ" ಎಂದು ಕೂತಳು. ವಕೀಲರ ಮುಖ ಕೆಂಪಾಯಿತು. ದಪ್ಪಕ್ಷರ ತನ್ನ ಚಪ್ಪಲಿಯ ಅಂದವನ್ನು ಪರೀಕ್ಷಿಸತೊಡಗಿದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಹಲ್ಲಿನವನಿಗೆ ಡಾಕ್ಟರ ಹೊಸ ವಿಳಾಸ ಹೇಳಿ ಕಳಿಸುವಷ್ಟರಲ್ಲಿ, ಗೆಲುವು ಅಕ್ಕನದೇ ಎಂದು ಎಲ್ಲರಿಗೂ ಅನ್ನಿಸಿತ್ತು.

"ಆಯ್ತು. ಆ ಹಳೇ ಕರಾರು ಸ್ವಲ್ಪ ಕೊಡಿ, ಪೂರ್ತಿ ಓದ್ತೀನಿ" ಎಂದರು ವಕೀಲರು.

ಅಕ್ಕ ಮಡಿಕೆ ಬಿಡಿಸದೆಯೇ ಕೊಟ್ಟಳು. ವಕೀಲರು ಬಿಡಿಸಿ ಮೇಜಿನ ಮೇಲೆ ಇಟ್ಟರು. ಕಾಗದದ ಮೇಲೆ ಮೂಲೆಯಿಂದ ಮೂಲೆಗೆ, ಏಣಿ ಷರತ್ತನ್ನೂ ಕತ್ತರಿಸಿಕೊಂಡು, ಕೆಂಪು ಪೆನ್ಸಿಲಿನ ಒಂದು ಉದ್ದ ಗೀಟು.

ಎರಡನೇ ಕರಾರು ಬರೆದ ದಿನ, ಮೊಳೆ ತೂಗುವ, ಬೀಗ ತೋರಿಸುವ ಗಡಿಬಿಡಿಯಲ್ಲಿ, ಅವಳ ಕೈ ತನ್ನ ಪಾಡಿಗೆ ತಾನು ಮಾಡಿದ ಕೆಲಸ ಅದು. ಅವಳಿಗೆ ಅದರ ನೆನಪೂ ಇರಲಿಲ್ಲ. ಅಷ್ಟು ವರ್ಷದಿಂದ ಬಾಯಿಪಾಠವಾಗಿದ್ದ ಕಾಗದವನ್ನು ಅವಳು ಬಿಡಿಸಿ ನೋಡುವ ಗೋಜಿಗೂ ಹೋಗಿರಲಿಲ್ಲ. ಜೀವನವಿಡೀ ಓದದೆ ಸಹಿ ಹಾಕುತ್ತಾನೆಂದು ತಮ್ಮನನ್ನು ಬೈದವಳು ತಾನೂ ಓದದೆಯೇ ಬಂದಿದ್ದಳು.

"ಈ ಗೀಟು ನೀವೇ ಎಳೆದದ್ದಾ?" ವಕೀಲರ ದನಿ ಮೆತ್ತಗಾಗಿತ್ತು.

"ಹೂಂ."

"ನಿಮ್ಮ ಅಂಗಡೀಲಿ ಗೀಟು ಎಳೆದ್ರೆ ಏನರ್ಥ?"

ಅಕ್ಕ ಸುಳ್ಳು ಹೇಳುವವಳಲ್ಲ. "ಹಳೇದು ಸತ್ತಿದೆ ಅಂತ" ಎಂದಳು. ಆಮೇಲೆ ಕನ್ನಡಕ ತೆಗೆದು ದಾರದಲ್ಲಿ ಇಳಿಬಿಟ್ಟಳು. "ಗೀಟು ಸಾಲದ ಮೇಲೆ ಎಳೆದದ್ದು ಸ್ವಾಮಿ. ತಮ್ಮನ ಮೇಲಲ್ಲ. ಅಪ್ಪನ್ನ ಮಗ್ಗುಲು ತಿರುಗಿಸೋವಾಗ ನನಗೆ ಹದಿನಾರು ವರ್ಷ, ಮೈಯಲ್ಲಿ ಶಕ್ತಿ ಇತ್ತು. ಇವನು ಬಿದ್ರೆ ಈಗ ಯಾರು ಎತ್ತೋದು?"

ಬೆಂಚಿನ ಆ ತುದಿಯಲ್ಲಿ ದಪ್ಪಕ್ಷರ ಇನ್ನಷ್ಟು ಸಣ್ಣಗಾದ. ವಕೀಲರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಕಡೆಗೆ, ಬಾಕಿ ಹೊಸದಕ್ಕೆ ಸೇರಿತು, ಅಡಮಾನ ಹೊಸದು, ಹಳೆಯದಕ್ಕೆ ಸಾಲ ಕೊಟ್ಟವಳ ಕೈಯಿಂದಲೇ ಗೀಟು ಬಿತ್ತು, ಆದ್ದರಿಂದ ಹೊಸ ಕರಾರು ಹಳೆಯದರ ಜಾಗಕ್ಕೆ ಬಂದಿದೆ, ಏಣಿಯ ಷರತ್ತು ಈಗ ಇಲ್ಲ ಎಂದರು. ಗೆದ್ದವನು ಎದ್ದು ನಿಂತ. ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

ಗೆದ್ದ ಮೇಲೆ ಕುಣಿಯಬೇಕಲ್ಲವೇ? ಅವನು ವಕೀಲರ ಬೋರ್ಡು ಇಳಿಸಿಕೊಂಡು ಹೋಗಿ ಶೆಡ್ಡಿನಲ್ಲಿ ಕೂತು ಕೆರೆದ. ಜೀವನದಲ್ಲಿ ಮೊದಲ ಸಲ. ಉಗುರು ಸಂದಿಯಲ್ಲಿ ಬಣ್ಣ ಹೊಕ್ಕು, ಭುಜ ಸೋತು, ದಂತವೈದ್ಯರು ಚೂರು ಚೂರಾಗಿ ನೆಲಕ್ಕೆ ಉದುರಿದರು. ಅಕ್ಕ ಅಷ್ಟು ದಿನವೂ ಮಾತಾಡಲಿಲ್ಲ. ಬಣ್ಣ ಬೇಕೆಂದು ಅಂಗಡಿಗೆ ಹೋದರೆ ಡಬ್ಬಿ ತೆಗೆದು ಕೌಂಟರಿನ ಮೇಲೆ ಇಡುತ್ತಿದ್ದಳು, ಚಿಲ್ಲರೆ ಎಣಿಸಿ ಕೊಡುತ್ತಿದ್ದಳು, ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ರಾತ್ರಿ ಹೆಂಡತಿಯ ಮುಂದೆ, "ಬೇಡ ಅಂದ್ಬಿಡ್ಲಾ?" ಎಂದ.

"ಬಿಟ್ರೆ ಈ ಜನ್ಮವೆಲ್ಲ ಆ ಟ್ಯಾಂಕು ನೋಡ್ಕೊಂಡು ನಿಟ್ಟುಸಿರು ಬಿಡ್ತೀರಿ. ಅದನ್ನ ಕೇಳ್ತಾ ಕೂರೋಳು ನಾನು" ಎಂದಳು ಅವಳು.

ಹತ್ತುವ ದಿನ ಬೆಳಿಗ್ಗೆ ಟ್ಯಾಂಕಿನ ಬುಡಕ್ಕೆ ಹೋದರೆ ಅಲ್ಲಿ ಅಕ್ಕ ಮೊದಲೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಅಂಗಡಿಗೆ ಬೀಗ. ಅಪ್ಪ ಸತ್ತ ದಿನ ಬಿಟ್ಟರೆ ಕೆಲಸದ ದಿನ ಅವಳು ಹೀಗೆ ಸುಮ್ಮನೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಪಕ್ಕದಲ್ಲಿ ಹೊಸ ಹಗ್ಗದ ಸುರುಳಿ, ಸೊಂಟಕ್ಕೆ ಕಟ್ಟುವ ದಪ್ಪನೆಯ ಬೆಲ್ಟು, ಎರಡಕ್ಕೂ ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿತ್ತು.

"ಇವು ಎರವಲು. ಪುಕ್ಕಟೆ ಅಲ್ಲ" ಎಂದು ಒಂದು ಕಾಗದ ಮುಂದೆ ಚಾಚಿದಳು. "ಸಹಿ ಹಾಕು."

ಅವನು ಪೆನ್ನು ತೆಗೆದ. ಮತ್ತೆ ಜೇಬಿಗೆ ಇಟ್ಟುಕೊಂಡ. ಕಾಗದವನ್ನು ಬೆಳಕಿಗೆ ಹಿಡಿದು, ಚಿಕ್ಕ ಮಕ್ಕಳು ಓದುವಂತೆ ತುಟಿ ಅಲುಗಿಸುತ್ತ ಓದಿದ. ಅಕ್ಕನ ಳಕಾರಕ್ಕೆ ಇನ್ನೂ ಬೆನ್ನುಮೂಳೆ ಇರಲಿಲ್ಲ. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ.

"ಹಗ್ಗ ಮತ್ತು ಬೆಲ್ಟನ್ನು ಎರವಲು ಪಡೆದವನು, ಮೇಲೆ ಹತ್ತಿದ ಮೇಲೆ, ಪ್ರತಿ ಸಂಜೆ ತನ್ನ ಎರಡು ಕಾಲಿನಿಂದಲೇ ಕೆಳಗೆ ಇಳಿದು ಬಂದು, ಇವನ್ನು ಅಕ್ಕನ ಕೈಗೇ ಹಿಂದಿರುಗಿಸತಕ್ಕದ್ದು. ಮುಂದೆ ಯಾವ ಕರಾರು ಬರೆದುಕೊಂಡರೂ ಈ ಷರತ್ತು ರದ್ದಾಗತಕ್ಕದ್ದಲ್ಲ. ಯಾರು ಗೀಟು ಎಳೆದರೂ ರದ್ದಾಗತಕ್ಕದ್ದಲ್ಲ."

ಅವನು ಎರಡನೇ ಸಲ ಓದಿದ. ಸಹಿ ಹಾಕಿದ. ಈ ಸಲ ನೆರಳು ಕೊಡಲಿಲ್ಲ. ಅಕ್ಕ ಅವನ ಸೊಂಟಕ್ಕೆ ತಾನೇ ಬೆಲ್ಟು ಬಿಗಿದಳು. ಕೊನೆಯ ತೂತಿಗೆ ಹಾಕಿದರೂ ಸಡಿಲ, ಮೊಳೆಯಿಂದ ಇನ್ನೊಂದು ತೂತು ಹೊಡೆದಳು. "ಎಷ್ಟು ತಿನ್ನಿಸಿದ್ರೂ ಇಷ್ಟೇ" ಎಂದು ಗೊಣಗಿದಳು. ಅಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಬೈಗುಳ ಕೇಳಿ ತಮ್ಮನಿಗೆ ಜೀವ ಬಂದಂತಾಯಿತು.

ಕೆಲಸ ನಾಲ್ಕೈದು ದಿನದ್ದು, ಹತ್ತು ದಿನ ಹಿಡಿಯಿತು. ಏಕೆಂದರೆ ಈ ಮಹಾರಾಯ ಮೇಲೆ ಹೋಗಿ ಕೆರೆಯಲು ಶುರುಮಾಡಿದ.

"ಜನ್ಮದಲ್ಲಿ ಒಂದೇ ಒಂದು ಬೋರ್ಡು ಕೆರೆದವನು! ಕಲಿಯೋಕೆ ಅಲ್ಲೇ ಹೋಗ್ಬೇಕಾಗಿತ್ತಾ ನಿಂಗೆ?" ಎಂದು ಅಕ್ಕ ಕೆಳಗಿನಿಂದ ಕಿರುಚಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗಿನವನ ಡೊಂಕು ಅಕ್ಷರಗಳೂ ಅವುಗಳ ಹಿಂದಿನ ಸುಣ್ಣವೂ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂದವು. ಅದರ ಅಡಿಯಿಂದ ಅಪ್ಪನ ಅಕ್ಷರಗಳು ಹೊರಬಿದ್ದವು. ಬಣ್ಣ ಮಾಸಿತ್ತು, ಗೆರೆ ಮಾಸಿರಲಿಲ್ಲ. ಅವನು ಕೆರೆಯುವುದನ್ನು ಅಲ್ಲಿಗೆ ನಿಲ್ಲಿಸಿದ. ಅಪ್ಪನ ಗೆರೆಯ ಮೇಲೆಯೇ ಗೆರೆ ಇಡುತ್ತ, ಎಲ್ಲಿ ಅಪ್ಪನ ಕುಂಚ ತಿರುಗಿತ್ತೋ ಅಲ್ಲೇ ತನ್ನ ಕುಂಚವನ್ನೂ ತಿರುಗಿಸುತ್ತ, ಒಂದೊಂದೇ ಅಕ್ಷರ ತುಂಬಿದ. ಆಗಾಗ ಕಣ್ಣು ಮಂಜಾಗಿ, ತೋಳಿನಿಂದ ಒರೆಸಿಕೊಂಡು ಮುಖಕ್ಕೆಲ್ಲ ನೀಲಿ ಬಳಿದುಕೊಂಡಿದ್ದ.

ಅಕ್ಕ ದಿನವೂ ಸ್ಟೂಲಿನ ಮೇಲೆ ಕೂತಳು. ಬೈಯುವಾಗಲೂ ಅವಳು ತಲೆಯೆತ್ತಿ ಮೇಲೆ ನೋಡುತ್ತಿರಲಿಲ್ಲ. ಅವಳ ಕಣ್ಣು ಏಣಿಯ ಕೊನೆಯ ಮೆಟ್ಟಿಲಿನ ಮೇಲೆ, ಅವನ ಕಾಲು ಬಂದು ಮುಟ್ಟಬೇಕಾದ ಜಾಗದ ಮೇಲೆ ಇರುತ್ತಿತ್ತು. ಪ್ರತಿ ಸಂಜೆ ಹಗ್ಗ, ಬೆಲ್ಟು ಎಣಿಸಿ ತೆಗೆದುಕೊಳ್ಳುತ್ತಿದ್ದಳು, ಬೆಳಿಗ್ಗೆ ಎಣಿಸಿ ಕೊಡುತ್ತಿದ್ದಳು.

ಹತ್ತನೆಯ ದಿನ ಸಂಜೆ ಅವನು ಮೇಲಿನಿಂದ, "ಮುಗೀತು ಕಣೇ, ಹೇಗಿದೆ ನೋಡು!" ಎಂದು ಕೂಗಿದ.

"ಮೊದ್ಲು ನಿನ್ನ ಕಾಲು ನೆಲಕ್ಕೆ ತಾಗ್ಲಿ."

ತಾಗಿತು. ಒಂದು ಕಾಲು, ಆಮೇಲೆ ಇನ್ನೊಂದು. ಅಕ್ಕ ಹಗ್ಗ ಬೆಲ್ಟುಗಳನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಹತ್ತು ದಿನದಲ್ಲಿ ಮೊದಲ ಸಲ ತಲೆ ಎತ್ತಿದಳು. ನೀರನ್ನು ಹಾಳು ಮಾಡಬೇಡಿ. ಬಹಳ ಹೊತ್ತು ನೋಡಿದಳು.

"ಅಪ್ಪನ ಕೈ ಇದು" ಎಂದಳು.

"ಅಪ್ಪಂದೇ. ಕೊನೇ ಅಕ್ಷರ ಮಾತ್ರ ನಂದು. ಅವ್ರು ಬಿಟ್ಟಿದ್ದು."

ಅಕ್ಕನ ಕಣ್ಣಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳದೆಯೇ, ಕತ್ತು ಓರೆ ಮಾಡಿ, "ಅದೊಂದು ಸ್ವಲ್ಪ ಡೊಂಕಾಗಿದೆ ಅಲ್ವೇನೋ?" ಎಂದಳು.

ದಪ್ಪಕ್ಷರ ಗಕ್ಕನೆ ತಿರುಗಿ ನೋಡಿದ. ಹೌದು, ಕೂದಲೆಳೆಯಷ್ಟು ಬಲಕ್ಕೆ ವಾಲಿತ್ತು. ಅವನ ಮೈಯೆಲ್ಲ ಉರಿದುಹೋಯಿತು. ಕುಂಚ ಬಾಯಲ್ಲಿ ಕಚ್ಚಿಕೊಂಡು ಏಣಿಗೆ ಕಾಲಿಟ್ಟ.

ಅಕ್ಕ ಹಿಂದಿನಿಂದ ಅವನ ಅಂಗಿಯ ಕಾಲರು ಹಿಡಿದಳು. ಹಗ್ಗ, ಬೆಲ್ಟು ಎರಡನ್ನೂ ಕಂಕುಳಲ್ಲಿ ಅವುಚಿಕೊಂಡೇ ಹಿಡಿದಳು.

"ಇರ್ಲಿ ಬಿಡೋ" ಎಂದಳು. "ಡೊಂಕಾಗೇ ಇರ್ಲಿ. ನೀನು ಇಳಿದಾಯ್ತಲ್ಲ."

ಆ ಅಕ್ಷರ ಈಗಲೂ ಹಾಗೆಯೇ ಇದೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಅವನು ಅದನ್ನು ನೋಡಿ ಹಲ್ಲು ಕಡಿಯುತ್ತಾನೆ. ಅಂಗಡಿಯ ಬಾಗಿಲು ತೆಗೆದಾಗ ಅವಳೂ ಒಮ್ಮೆ ಅದನ್ನು ನೋಡಿ, ಆಮೇಲೆ ಬೀಗದ ಕೈಯನ್ನು ಮೊಳೆಗೆ ತೂಗುಹಾಕುತ್ತಾಳೆ.